‘ಹೋಗಿದ್ದೆ’ ಅಂದರೆ ‘ಹ್ಯಾಡ್ ಗಾನ್’ ಅಲ್ಲ

ಕನ್ನಡ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವ ಮೇಷ್ಟ್ರುಗಳಿಗೆ, ಮೇಡಂಗಳಿಗೆ ಒಂದು ಬಹಿರಂಗ ಪತ್ರ

ಪ್ರಿಯ ಸಹೋದ್ಯೋಗಿಗಳೇ,

ನಿವೃತ್ತನಾದವನಿಗೆ ನಿಮ್ಮನ್ನು ಹೀಗೆ ಕರೆಯುವ ಹಕ್ಕು ಉಳಿದಿದೆಯೋ ಇಲ್ಲವೋ, ಕರೆದುಬಿಟ್ಟಿದ್ದೇನೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟವನು ನಾನು. ಈಗ ಸಂಜೆ ಹೊತ್ತು ನಮ್ಮ ಜಗಲಿಯ ಮೇಲೆ ಐದಾರು ಮಕ್ಕಳು ಬಂದು ಕೂರುತ್ತಾರೆ. ಫೀಸೂ ಇಲ್ಲ, ಹಾಜರಿಯೂ ಇಲ್ಲ. ಮೊನ್ನೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ನೋಟ್‌ಬುಕ್ ಮುಂದೆ ಹಿಡಿದಳು. ‘ಐ ಡಿಡ್ ನಾಟ್ ವೆಂಟ್ ಟು ಸ್ಕೂಲ್’ ಎಂಬ ವಾಕ್ಯ, ಅದರ ಅಡಿ ಕೆಂಪು ಗೆರೆ. ಕೆಳಗೆ ‘ಡಿಡ್ ನಾಟ್ ಗೋ’ ಎಂದು ಹತ್ತು ಸಲ ಬರೆಸಿದ್ದಾರೆ. ಮಗ್ಗುಲ ಪುಟದಲ್ಲಿ, ಮರುದಿನದ ತಾರೀಖಿನಡಿ, ಮತ್ತೆ ಅದೇ ‘ಡಿಡ್ ನಾಟ್ ವೆಂಟ್’.

“ನಿನ್ನೆ ಶಾಲೆಗೆ ಹೋದ್ಯೇನಮ್ಮ?” ಅಂದೆ.

“ಇಲ್ಲ ಸರ್, ಹೋಗ್ಲಿಲ್ಲ.”

“‘ಹೋದೆ ಇಲ್ಲ’ ಅಂತ ಯಾಕೆ ಹೇಳ್ಲಿಲ್ಲ?”

ಅವಳು ಕಿಸಕ್ಕನೆ ನಕ್ಕಳು. “ಹಾಗೆ ಯಾರಾದ್ರೂ ಹೇಳ್ತಾರಾ ಸರ್?”

ಯಾರೂ ಹೇಳುವುದಿಲ್ಲ. ‘ಹೋದೆ’ ಎಂಬುದರ ಪಕ್ಕಕ್ಕೆ ‘ಇಲ್ಲ’ ಬಂದ ಕೂಡಲೇ ನಮ್ಮ ಕ್ರಿಯಾಪದ ಭೂತಕಾಲದ ಅಂಗಿ ಕಳಚಿಟ್ಟು ‘ಹೋಗ’ ಆಗಿಬಿಡುತ್ತದೆ. ಹೋದೆ, ಹೋಗಲಿಲ್ಲ. ತಿಂದೆ, ತಿನ್ನಲಿಲ್ಲ. ವೆಂಟ್, ಡಿಡ್ ನಾಟ್ ಗೋ. ಏಟ್, ಡಿಡ್ ನಾಟ್ ಈಟ್. ನಿಷೇಧ ಬಂದರೆ ಕ್ರಿಯಾಪದ ಮೂಲಕ್ಕೆ ಮರಳಬೇಕು ಎಂಬ ನಿಯಮ ಆ ಹುಡುಗಿಯ ನಾಲಿಗೆಗೆ ಮೂರು ವರ್ಷದವಳಿದ್ದಾಗಲೇ ಗೊತ್ತಿತ್ತು. ಅದನ್ನು ಎತ್ತಿ ತೋರಿಸಿದ ಮೇಲೆ ಅವಳು ಆ ತಪ್ಪು ಮಾಡಿಲ್ಲ. ಹತ್ತು ಸಲ ಬರೆಸುವುದು ಬೇಕಾಗಲಿಲ್ಲ.

ನನಗೆ ನಾಚಿಕೆಯಾಯಿತು. ನಾನೂ ಬರೆಸಿದವನೇ. ಅಷ್ಟೇ ಅಲ್ಲ, ಇಂಗ್ಲಿಷ್ ಪೀರಿಯಡ್‌ನಲ್ಲಿ ಕನ್ನಡ ಆಡಿದರೆ ನಾಲ್ಕಾಣೆ ದಂಡ ಎಂದು ಕಟ್ಟಳೆ ಮಾಡಿದವನು. ದಂಡದ ದುಡ್ಡಿನಲ್ಲಿ ಬಣ್ಣದ ಸೀಮೆಸುಣ್ಣ ತರಿಸುತ್ತಿದ್ದೆ. ಮಕ್ಕಳು ಜಾಣರು, ಕನ್ನಡವನ್ನೂ ಆಡಲಿಲ್ಲ, ಇಂಗ್ಲಿಷನ್ನೂ ಆಡಲಿಲ್ಲ, ಸುಮ್ಮನೆ ಕುಳಿತರು. ಆ ಮೌನವನ್ನು ನಾನು ಶಿಸ್ತು ಅಂದುಕೊಂಡೆ. ನಿಮ್ಮಲ್ಲಿ ಎಷ್ಟೋ ಜನ ಇವತ್ತಿಗೂ ಬಾಗಿಲಲ್ಲೇ ಕನ್ನಡವನ್ನು ನಿಲ್ಲಿಸಿ ಒಳಗೆ ಹೋಗುತ್ತೀರಿ. ಕ್ರಿಯಾಪದದ ಪಾಠಕ್ಕಾದರೂ ಅದನ್ನು ಒಳಗೆ ಕರೆಯಿರಿ ಎಂದು ಕೇಳಿಕೊಳ್ಳಲು ಈ ಪತ್ರ.

ಕರೆಯಿರಿ ಅಂದಮಾತ್ರಕ್ಕೆ ಪಾಠವನ್ನು ಸಾಲುಸಾಲಾಗಿ ಅನುವಾದಿಸಿ ಒಪ್ಪಿಸುವುದಲ್ಲ. ಅದನ್ನೂ ಮಾಡಿ ನೋಡಿದ್ದೇವೆ. ಮಕ್ಕಳು ಕನ್ನಡ ಸಾಲು ಬರುವ ತನಕ ಕಿಟಕಿ ಆಚೆ ನೋಡುತ್ತಾರೆ. ನಾನು ಹೇಳುವುದು ಬೋರ್ಡಿನ ನಡುವೆ ಒಂದು ಗೆರೆ ಎಳೆದು, ಎಡಕ್ಕೆ ಕನ್ನಡದ ಕ್ರಿಯಾಪದ, ಬಲಕ್ಕೆ ಇಂಗ್ಲಿಷಿನದು ಬರೆದು, ಎಲ್ಲಿ ಎರಡೂ ಕೈ ಹಿಡಿಯುತ್ತವೆ, ಎಲ್ಲಿ ಕನ್ನಡ ನಮ್ಮನ್ನು ಹಳ್ಳಕ್ಕೆ ಕೆಡವುತ್ತದೆ ಎಂದು ತೋರಿಸುವುದನ್ನು. ಕಿಟ್ಟೆಲ್ ಸಾಹೇಬರು 1903ರಲ್ಲಿ ಪ್ರಕಟಿಸಿದ ಕನ್ನಡ ವ್ಯಾಕರಣ ನೋಡಿ. ಮನೆಮಾತು ಜರ್ಮನ್ ಆದವರು ಕನ್ನಡದ ಕ್ರಿಯಾಪದವನ್ನು ಇಂಗ್ಲಿಷಿನಲ್ಲಿ ಬಿಡಿಸಿಟ್ಟಿದ್ದಾರೆ. ಒಂದು ಭಾಷೆ ಕಲಿಯಲು ಇನ್ನೊಂದನ್ನು ಮರೆಯಬೇಕು ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲವೆಂದು ಕಾಣುತ್ತದೆ.

ಹಳ್ಳಕ್ಕೆ ಕೆಡವುವ ಜಾಗದಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನಾನೇ ಅಲ್ಲಿ ಬಿದ್ದವನು. 1989ರಲ್ಲಿ ಬೆಂಗಳೂರಿನಲ್ಲಿ ಒಂದು ಶಿಕ್ಷಕರ ತರಬೇತಿ. ಮೊದಲ ದಿನ ಹಿರಿಯ ಮೇಡಂ ಒಬ್ಬರು ಒಬ್ಬೊಬ್ಬರನ್ನೇ ಮಾತಿಗೆಳೆಯುತ್ತಿದ್ದರು. ನನ್ನ ಸರದಿ ಬಂತು. ಯಾವಾಗ ಬಂದಿರಿ ಎಂದು ಕೇಳಿದರು.

“ಐ ಹ್ಯಾಡ್ ಕಮ್ ಯೆಸ್ಟರ್‌ಡೇ ನೈಟ್, ಮೇಡಂ.”

ಅವರು ತಲೆಯಾಡಿಸಿ ನನ್ನ ಮುಖವನ್ನೇ ನೋಡುತ್ತ ಕಾದರು. “ಯೆಸ್... ಅಂಡ್?”

ಇನ್ನೇನು ಹೇಳುವುದು? “ಐ ಹ್ಯಾಡ್ ಟೇಕನ್ ಡಿನ್ನರ್.”

“ಅಂಡ್ ದೆನ್?”

“ಐ ಹ್ಯಾಡ್ ಸ್ಲೆಪ್ಟ್, ಮೇಡಂ.”

ನಲವತ್ತು ಜನ ಮೇಷ್ಟ್ರುಗಳು ಘೊಳ್ಳೆಂದರು. ಅವರಲ್ಲಿ ಅರ್ಧಕ್ಕರ್ಧ ಜನಕ್ಕೆ ಯಾಕೆ ನಗುತ್ತಿದ್ದೇವೆಂದು ಗೊತ್ತಿರಲಿಲ್ಲ ಎಂದು ಊಟದ ಹೊತ್ತಿಗೆ ತಿಳಿಯಿತು.

ಮೇಡಂ ಕಾದದ್ದು ಯಾಕೆ? ಇಂಗ್ಲಿಷಿನ ‘ಹ್ಯಾಡ್ ಕಮ್’, ‘ಹ್ಯಾಡ್ ಗಾನ್’ ಏಣಿ ಇದ್ದ ಹಾಗೆ; ಒರಗಿಸಲು ಇನ್ನೊಂದು ಭೂತಕಾಲದ ಗೋಡೆ ಬೇಕು. ‘ನಾನು ಸ್ಟ್ಯಾಂಡ್ ತಲುಪುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು’ ಎಂಬಲ್ಲಿ ತಲುಪಿದ್ದು ಗೋಡೆ, ಹೊರಟುಹೋಗಿದ್ದು ಏಣಿ. ಆ ವಾಕ್ಯಕ್ಕೆ ‘ಹ್ಯಾಡ್ ಲೆಫ್ಟ್’ ಸರಿಯಾಗಿ ಕೂರುತ್ತದೆ. ಗೋಡೆಯೇ ಇಲ್ಲದೆ ‘ಹ್ಯಾಡ್ ಕಮ್’ ಎಂದರೆ ಕೇಳುವವರು ಗೋಡೆಗಾಗಿ ಕಾಯುತ್ತಾರೆ.

ಕನ್ನಡದಲ್ಲಿ ಆಗುವುದು ತದ್ವಿರುದ್ಧ. ‘ನಿನ್ನೆ ಮೈಸೂರಿಗೆ ಹೋಗಿದ್ದೆ’ ಎಂದು ಯಾರಾದರೂ ಹೇಳಲಿ, ನೀವು ‘ಓಹೋ’ ಎಂದು ಸುಮ್ಮನಾಗುತ್ತೀರಿ. ಹೋದ, ಬಂದ, ಕೆಲಸ ಮುಗಿಯಿತು. ಅದೇ ‘ನಿನ್ನೆ ಮೈಸೂರಿಗೆ ಹೋದೆ’ ಎಂದು ನಿಲ್ಲಿಸಲಿ, ‘ಹೂಂ, ಆಮೇಲೆ?’ ಎನ್ನುತ್ತೀರಿ. ನಮ್ಮಲ್ಲಿ ‘ಹೋದೆ’ ಕಥೆಯ ಬಾಗಿಲು ತೆರೆಯುತ್ತದೆ, ‘ಹೋಗಿದ್ದೆ’ ಮುಚ್ಚುತ್ತದೆ. ಇಂಗ್ಲಿಷಿನಲ್ಲಿ ‘ವೆಂಟ್’ ತನ್ನಷ್ಟಕ್ಕೆ ತಾನು ಮುಗಿದ ಮಾತು, ‘ಹ್ಯಾಡ್ ಗಾನ್’ ತೆರೆದೇ ಇಟ್ಟ ಬಾಗಿಲು. ಪಾಸ್ಟ್ ಪರ್ಫೆಕ್ಟ್‌ಗೆ ‘ಪೂರ್ಣ ಭೂತಕಾಲ’ ಎಂಬ ಹೆಸರು ಕೊಟ್ಟು, ‘ಹೋಗಿದ್ದೆ’ಯನ್ನು ಅದರ ಎದುರು ಬರೆದು ಕೈತೊಳೆದುಕೊಂಡೆವು ನಾವು. ಆ ಒಂದು ಸಾಲಿನ ಫಲವನ್ನು ಇವತ್ತು ಬೆಂಗಳೂರಿನ ಕಚೇರಿಗಳ ಇ-ಮೇಲ್‌ಗಳಲ್ಲಿ ಓದಬಹುದು: ‘ಐ ಹ್ಯಾಡ್ ಸೆಂಟ್ ಯು ದ ಫೈಲ್ ಯೆಸ್ಟರ್‌ಡೇ.’ ಬರೆದವರು ದಡ್ಡರಲ್ಲ. ಕನ್ನಡದಲ್ಲಿ ಸರಿಯಾಗಿ ಯೋಚಿಸಿದ್ದಾರೆ, ನಿನ್ನೆಯೇ ಕಳಿಸಿದ್ದೆ ಎಂದು. ಸುಮ್ಮನೆ ‘ಸೆಂಟ್’ ಎಂದರೆ ಸಾಕು ಎಂದು ಅವರಿಗೆ ಯಾರೂ ಹೇಳಲಿಲ್ಲ, ಹೇಳಬೇಕಾದವರು ನಾವಾಗಿದ್ದೆವು.

‘ಬಂದಿದ್ದೇನೆ’ ಅಷ್ಟು ಅಪಾಯಕಾರಿಯಲ್ಲ. ‘ಹ್ಯಾವ್ ಕಮ್’ ಅದಕ್ಕೆ ಚೆನ್ನಾಗಿಯೇ ಹೊಂದುತ್ತದೆ. ಒಂದೇ ತೊಡಕೆಂದರೆ ನಾವು ‘ನಿನ್ನೆಯೇ ಬಂದಿದ್ದೇನೆ’ ಅನ್ನುತ್ತೇವೆ, ಇಂಗ್ಲಿಷ್ ಆ ‘ನಿನ್ನೆ’ಯನ್ನು ‘ಹ್ಯಾವ್’ ಪಕ್ಕ ಕೂರಿಸುವುದಿಲ್ಲ. ಮುಗಿದುಹೋದ ಹೊತ್ತಿನ ಹೆಸರೆತ್ತಿದರೆ ‘ಕೇಮ್’. ಇಷ್ಟು ಹೇಳಿದರೆ ಎಂಟನೇ ತರಗತಿಗೆ ಸಾಕು.

ಗೋಡೆಯ ಮೇಲಿನ ಹನ್ನೆರಡು ಮನೆಯ ಟೆನ್ಸ್ ಚಾರ್ಟಿನ ಬಗ್ಗೆ ಒಂದು ಮಾತು. ಅದನ್ನು ತೆಗೆದುಹಾಕಿ ಎಂದು ನಾನು ಹೇಳಲಾರೆ. ಇನ್‌ಸ್ಪೆಕ್ಷನ್‌ಗೆ ಬಂದವರು ಮೊದಲು ನೋಡುವುದೇ ಅದನ್ನು. ಆದರೆ ಹನ್ನೆರಡು ಎಂಬ ಸಂಖ್ಯೆಯೇ ಮಕ್ಕಳ ಎದೆ ಒಡೆಯುತ್ತದೆ. ರ‍್ಯಾಂಡಲ್ಫ್ ಕ್ವರ್ಕ್ ಮತ್ತು ಮೂವರು ಸಂಗಡಿಗರು 1985ರಲ್ಲಿ ಹೊರತಂದ ದೊಡ್ಡ ಇಂಗ್ಲಿಷ್ ವ್ಯಾಕರಣದ ಪ್ರಕಾರ ಇಂಗ್ಲಿಷ್ ಕ್ರಿಯಾಪದ ಕಾಲಕ್ಕಾಗಿ ರೂಪ ಬದಲಿಸುವುದು ಎರಡೇ ಬಗೆಯಲ್ಲಿ: ವರ್ತಮಾನ, ಭೂತ. ಭವಿಷ್ಯಕ್ಕೆಂದು ಅದಕ್ಕೆ ಬೇರೆ ರೂಪವೇ ಇಲ್ಲ. ‘ವಿಲ್’ ಎಂಬುದು ‘ಕ್ಯಾನ್’, ‘ಮೇ’ಗಳ ಸಾಲಿನ ಸಹಾಯಕ ಕ್ರಿಯಾಪದ. ನಮ್ಮ ಮಾತೂ ಬೇರೆಯಲ್ಲ. ಪುಸ್ತಕದಲ್ಲಿ ‘ಬರುವೆನು’ ಎಂಬ ಭವಿಷ್ಯತ್ಕಾಲ ಇದೆ, ನಿಜ. ಮನೆಯಲ್ಲಿ ‘ದಿನಾ ಬರ್ತೀನಿ’, ‘ನಾಳೆ ಬರ್ತೀನಿ’ ಎರಡಕ್ಕೂ ಒಂದೇ ರೂಪ. ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ಡಿ. ಎನ್. ಶಂಕರ ಭಟ್ಟರು ಪುಸ್ತಕದ ಹೆಸರಿನಲ್ಲೇ ಹೇಳಿದರು. ಸಂಸ್ಕೃತದ ಅಚ್ಚಿಗೆ ಕನ್ನಡವನ್ನು ಒತ್ತಿದ್ದು ಸಾಕು ಎಂಬುದು ಅವರ ತಕರಾರು. ಇಂಗ್ಲಿಷಿನ ಮೇಲೂ ಲ್ಯಾಟಿನ್ನಿನ ಅಂಥದೇ ಅಚ್ಚು ಕೂತಿತ್ತು. ಎರಡು ಅಚ್ಚುಗಳ ನಡುವೆ ಸಿಕ್ಕಿಕೊಂಡವರು ನಮ್ಮ ಮಕ್ಕಳು.

ಇನ್ನು ‘ಇರ‍್ರೆಗ್ಯುಲರ್ ವರ್ಬ್ಸ್’ ಎಂಬ ಭೂತ. ಕೊಡು, ಕೊಟ್ಟ, ಬೀಳು, ಬಿದ್ದ, ನಗು, ನಕ್ಕ, ಸಾಯು, ಸತ್ತ, ನಿಲ್ಲು, ನಿಂತ, ಕೀಳು, ಕಿತ್ತ. ಇದಕ್ಕಿಂತ ಅಡ್ಡಾದಿಡ್ಡಿ ಬೇಕೆ? ಯಾವ ತಾಯಿಯೂ ಇದರ ಕೋಷ್ಟಕ ಮಾಡಿ ಬಾಯಿಪಾಠ ಮಾಡಿಸಲಿಲ್ಲ. ಬೇಯು, ನೋಯು, ಮೀಯು ಎಂಬವು ಬೆಂದ, ನೊಂದ, ಮಿಂದ ಎಂದು ಗುಂಪುಗೂಡಿ ಕಿವಿಗೆ ಬಿದ್ದವು. ‘ಸಿಂಗ್, ಸ್ಯಾಂಗ್’, ‘ರಿಂಗ್, ರ‍್ಯಾಂಗ್’, ‘ಡ್ರಿಂಕ್, ಡ್ರ್ಯಾಂಕ್’ ಕೂಡ ಅಂಥ ಗುಂಪೇ. ಅಕಾರಾದಿಯಾಗಿ ಉರು ಹೊಡೆಸುವ ಬದಲು ಪ್ರಾಸ ನೋಡಿ ಕೂಡಿಸಿಕೊಡಿ, ಹಾಡಿನ ಹಾಗೆ ಬರುತ್ತದೆ. ‘ಆಸ್ಕ್ಡ್’ ಎಂಬುದನ್ನು ‘ಆಸ್ಕೆಡ್’ ಎಂದು ಓದುವ ಮಗುವಿಗೆ ‘ತಿಳಿ, ತಿಳಿದ’ ಆದರೆ ‘ಕಲಿ, ಕಲಿತ’ ಎಂದು ನೆನಪು ಮಾಡಿ. ನಮ್ಮಲ್ಲೂ ದಕಾರ ಕೆಲವು ಕಡೆ ತಕಾರವಾಗುತ್ತದಲ್ಲ. ‘ವಾಕ್ಡ್’ ಎಂದು ಬರೆದದ್ದನ್ನು ‘ವಾಕ್ಟ್’ ಎಂದು ಉಚ್ಚರಿಸುವುದು ಆಗ ಅಷ್ಟೇನೂ ವಿಚಿತ್ರ ಅನಿಸದು.

ಈಗ ನನಗೆ ಅತ್ಯಂತ ಪ್ರಿಯವಾದ ಭಾಗಕ್ಕೆ ಬರುತ್ತೇನೆ, ‘ಕ್ಯಾನ್’, ‘ಮೇ’ಗಳಂಥ ಮೋಡಲ್‌ಗಳಿಗೆ. ‘ಹೀ ಕ್ಯಾನ್ಸ್’ ಎಂದು ಯಾಕೆ ಬರೆಯಬಾರದು ಸರ್ ಎಂದು ಒಬ್ಬ ಹುಡುಗ ಕೇಳಿದ್ದ. ಆಗ ನಾನು ಕೊಟ್ಟ ಉತ್ತರ: ‘ರೂಲ್ ಕಣೋ, ಬರ್ಕೋ.’ ಇವತ್ತು ಕೇಳಿದರೆ ಹೇಳುತ್ತಿದ್ದೆ: ಅವನು ಬರಬಹುದು, ಅವಳು ಬರಬಹುದು, ನಾವು ಬರಬಹುದು, ದನ ಬರಬಹುದು. ಹೆಜ್ಜೆಹೆಜ್ಜೆಗೂ ಆನೆ, ಆಳೆ, ಆರೆ ಎಂದು ಬಾಲ ಕಟ್ಟುವ ನಮ್ಮ ಕ್ರಿಯಾಪದ ‘ಬಹುದು’, ‘ಬೇಕು’, ‘ಬಾರದು’, ‘ಕೂಡದು’ ಬಂದಲ್ಲಿ ಬಾಲ ಬಿಟ್ಟುಬಿಡುತ್ತದೆ. ಇವೆಲ್ಲ ಒಂದು ಕಾಲದಲ್ಲಿ ಓಡಾಡಿಕೊಂಡಿದ್ದ ಕ್ರಿಯಾಪದಗಳು. ಬಳಸಿ ಬಳಸಿ ಒಂದೇ ಭಂಗಿಯಲ್ಲಿ ನಿಂತುಬಿಟ್ಟಿವೆ. ‘ಬಹುದು’, ‘ಬಾರದು’ ಎರಡೂ ‘ಬರು’ವಿನ ಮಕ್ಕಳು. ‘ಬೇಕು’ವಿನ ಬುಡದಲ್ಲಿ ಬಯಸುವುದು ಎಂಬ ಅರ್ಥವಿದೆ. ಇಂಗ್ಲಿಷಿನ ‘ವಿಲ್’ ಬುಡದಲ್ಲೂ ಬಯಕೆಯೇ, ‘ಶಲ್’ ಬುಡದಲ್ಲಿ ಸಾಲ ಇದೆ. ‘ಕ್ಯಾನ್’ ಹಳೆಯ ಇಂಗ್ಲಿಷಿನಲ್ಲಿ ‘ಬಲ್ಲೆ’ ಎಂದಿತ್ತು. ನಾವು ‘ಅವನನ್ನು ಬಲ್ಲೆ’ ಎನ್ನುತ್ತೇವೆ, ‘ಹಾಡಬಲ್ಲೆ’ ಎಂದೂ ಎನ್ನುತ್ತೇವೆ. ಅರಿವು ಸಾಮರ್ಥ್ಯವಾಗುವ ದಾರಿ ಎರಡು ಭಾಷೆಯಲ್ಲೂ ಒಂದೇ. (ಈ ‘ಬಲ್ಲೆ’ ಮತ್ತು ‘ಲಾರೆ’ ಮಾತ್ರ ಬಾಲ ಬಿಡದ ಹಟಮಾರಿಗಳು, ಬಲ್ಲನು, ಬಲ್ಲಳು, ಲಾರನು, ಲಾರಳು. ಮಕ್ಕಳು ಕೇಳುತ್ತಾರೆ, ಸಿದ್ಧವಾಗಿರಿ.)

‘ಕ್ಯಾನ್’, ‘ಮೇ’, ‘ಮಸ್ಟ್’ಗಳಿಗೆ ಕೊನೆಯ ‘ಎಸ್’ ಇಲ್ಲದಿರಲು ಕಾರಣ ಸ್ವಾರಸ್ಯದ್ದು. ಬಹಳ ಹಿಂದೆ ಅವುಗಳ ಭೂತಕಾಲದ ರೂಪವೇ ವರ್ತಮಾನವಾಗಿ ಬಳಕೆಗೆ ಬಂತು. ಭೂತಕಾಲದಲ್ಲಿ ‘ಹೀ ವೆಂಟ್’ ಎನ್ನುತ್ತೇವೆಯೇ ಹೊರತು ‘ವೆಂಟ್ಸ್’ ಎನ್ನುವುದಿಲ್ಲವಲ್ಲ, ಹಾಗೆ.

ಭೂತಕಾಲದ ರೂಪ ಇವತ್ತಿನ ಮಾತಿಗೆ ಬರುವುದೇ? ಅನುಮಾನವಿದ್ದವರು ಅಂಗಡಿಗೆ ಹೋಗಿ ನಿಲ್ಲಿ. “ಒಂದು ಕೆಜಿ ಸಕ್ಕರೆ ಬೇಕಿತ್ತು.” ಬೇಕಾಗಿರುವುದು ಈಗ, ಹೇಳುವುದು ‘ಇತ್ತು’. “ನಿಮ್ಮ ಹತ್ರ ಒಂದು ಮಾತು ಕೇಳ್ಬೇಕಿತ್ತು.” ಇನ್ನೂ ಕೇಳಿಲ್ಲ, ಆದರೂ ‘ಇತ್ತು’. ಬೇಡಿಕೆಯನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸಿ ಇಟ್ಟರೆ ಅದು ವಿನಯ. ‘ಕುಡ್ ಯು’, ‘ವುಡ್ ಯು’, ‘ಐ ವಾಂಟೆಡ್ ಟು ಆಸ್ಕ್’ ಎಲ್ಲವೂ ಮಾಡುವುದು ಇದನ್ನೇ. ‘ಕುಡ್’ ಎಂಬುದು ‘ಕ್ಯಾನ್’ನ ಪಾಸ್ಟ್ ಎಂದು ಬರೆಸಿ, ಮರುದಿನ ‘ಕುಡ್ ಯು ಹೆಲ್ಪ್ ಮಿ’ ಎಂದು ಬರೆಸಿದಾಗ ತಬ್ಬಿಬ್ಬಾಗುವ ಮಗುವಿಗೆ ಸಕ್ಕರೆ ಅಂಗಡಿಯ ಉದಾಹರಣೆ ಕೊಡಿ. ನಾನು ಕೊಟ್ಟ ದಿನ ಒಬ್ಬ ಹುಡುಗ ‘ಅಯ್ಯೋ, ಇಷ್ಟೇನಾ’ ಅಂದ. ಮೂವತ್ತೊಂದು ವರ್ಷದಲ್ಲಿ ನನ್ನ ವ್ಯಾಕರಣದ ಪಾಠಕ್ಕೆ ಅಂಥ ಪ್ರಶಂಸೆ ಸಿಕ್ಕಿರಲಿಲ್ಲ.

ವಿನಯ ಎಂದು ಹೇಳಿಕೊಟ್ಟ ತಪ್ಪಿಗೆ ‘ವುಡ್’ ಎಲ್ಲೆಂದರಲ್ಲಿ ಹರಡುತ್ತದೆ, ಅದನ್ನೂ ಕಾಯಬೇಕು. ‘ಐ ವುಡ್ ಕಮ್ ಟುಮಾರೋ’ ಎಂದು ಬರೆಯುತ್ತಾರೆ, ಬರುವುದು ಖಂಡಿತವಿದ್ದರೂ. ಇಂಗ್ಲಿಷ್ ಕಿವಿಗೆ ಅದು ‘ಬರುತ್ತಿದ್ದೆ, ಆದರೆ...’ ಎಂದು ಕೇಳಿಸುತ್ತದೆ. ಆ ‘ಆದರೆ’ಗೆ ಕಾದು ಕೂತವರಿಗೆ ಮರುದಿನ ನೀವು ಎದುರಿಗೇ ಪ್ರತ್ಯಕ್ಷರಾದರೆ ಹೇಗಿರುತ್ತದೆ? ‘ಬರುತ್ತಿದ್ದೆ’ಗೂ ‘ವುಡ್’ಗೂ ನಂಟು ಗಟ್ಟಿ. ‘ಚಿಕ್ಕವನಿದ್ದಾಗ ಕೆರೆಗೆ ಹೋಗುತ್ತಿದ್ದೆ’ ಎಂಬ ರೂಢಿಗೂ ‘ವುಡ್ ಗೋ’, ‘ಹೇಳಿದ್ದರೆ ಬರುತ್ತಿದ್ದೆ’ ಎಂಬ ಆಗದ ಮಾತಿಗೂ ‘ವುಡ್ ಹ್ಯಾವ್ ಕಮ್’. ನಮ್ಮ ಎರಡು ಪದಕ್ಕೆ ಇಂಗ್ಲಿಷ್ ಒಂಬತ್ತು ಪದ ಪೋಣಿಸುತ್ತದೆ: ‘ಇಫ್ ಯು ಹ್ಯಾಡ್ ಟೋಲ್ಡ್ ಮಿ, ಐ ವುಡ್ ಹ್ಯಾವ್ ಕಮ್.’ ಹೀಗೆ ಎಣಿಸಿ ತೋರಿಸಿದರೆ ಮಕ್ಕಳು ತಮ್ಮ ಭಾಷೆಯ ಬಗ್ಗೆ ಸ್ವಲ್ಪ ಬೀಗುತ್ತಾರೆ. ಬೀಗಲಿ.

‘ಬೇಕು’ ಒಂದು ದೊಡ್ಡ ಚೀಲ. ‘ನಾನು ಡಾಕ್ಟರ್ ಆಗಬೇಕು’ ಎಂದು ಯೋಚಿಸಿದ ಹುಡುಗಿ ‘ಐ ಮಸ್ಟ್ ಬಿಕಮ್ ಅ ಡಾಕ್ಟರ್’ ಎಂದು ಬರೆಯುತ್ತಾಳೆ. ಓದಿದವರಿಗೆ ಅಪ್ಪ ಬೆತ್ತ ಹಿಡಿದು ಹಿಂದೆ ನಿಂತಂತೆ ತೋರುತ್ತದೆ. ಅವಳು ಹೇಳಹೊರಟಿದ್ದು ಆಸೆ, ‘ವಾಂಟ್ ಟು’. ಆಸೆ, ಕಡ್ಡಾಯ, ಸಲಹೆ ಮೂರೂ ನಮ್ಮ ‘ಬೇಕು’ವಿನೊಳಗೆ ಒಟ್ಟಿಗೆ ಮಲಗಿವೆ. ಬೇರ್ಪಡಿಸಿ ಎಬ್ಬಿಸುವುದು ಪಾಠ. ಇನ್ನೊಂದು ‘ಬೇಕು’ ಮಾತ್ರ ಅಚ್ಚರಿಯಾಗುವಷ್ಟು ಹೊಂದುತ್ತದೆ. ಬಾಗಿಲು ಸದ್ದಾಯಿತು, ‘ಪೋಸ್ಟ್‌ಮ್ಯಾನ್ ಬಂದಿರಬೇಕು’. ಇದು ಆಜ್ಞೆಯಲ್ಲ, ಊಹೆ. ‘ಮಸ್ಟ್ ಹ್ಯಾವ್ ಕಮ್’. ‘ಬಂದಿರಬಹುದು’ ಎಂದರೆ ‘ಮೇ ಹ್ಯಾವ್ ಕಮ್’. ಪೋಷಕರ ಸಭೆಗೆ ಬಾರದ ಅಪ್ಪನ ಬಗ್ಗೆ ಮಕ್ಕಳಿಂದಲೇ ಹೇಳಿಸಿ: ಬಸ್ಸು ತಪ್ಪಿರಬೇಕು, ಮರೆತಿರಬಹುದು.

ಈ ಪತ್ರದಲ್ಲಿ ನೀವು ಒಂದನ್ನೇ ಪಾಠಕ್ಕೆ ತೆಗೆದುಕೊಳ್ಳುವುದಾದರೆ ಇದನ್ನು ತೆಗೆದುಕೊಳ್ಳಿ. ‘ಮಸ್ಟ್’ ಎಂದರೆ ಬೇಕು, ‘ನಾಟ್’ ಎಂದರೆ ಇಲ್ಲ, ಆದ್ದರಿಂದ ‘ಮಸ್ಟ್ ನಾಟ್’ ಎಂದರೆ ‘ಬೇಕಾಗಿಲ್ಲ’. ಮಗು ಹೀಗೆ ಕೂಡಿಸುತ್ತದೆ, ತರ್ಕದಲ್ಲಿ ಒಂದು ಕೂದಲಿನಷ್ಟೂ ತಪ್ಪಿಲ್ಲ, ಉತ್ತರ ಮಾತ್ರ ಪೂರ್ತಿ ತಲೆಕೆಳಗು. ಔಷಧಿಯ ಬಾಟಲಿಯ ಮೇಲೆ ‘ಚಿಲ್ಡ್ರನ್ ಮಸ್ಟ್ ನಾಟ್ ಟೇಕ್’ ಎಂದಿದ್ದರೆ ‘ಮಕ್ಕಳು ಕುಡಿಯಬೇಕಾಗಿಲ್ಲ’ ಎಂದು ಓದಿಕೊಳ್ಳುವುದು ಬರೀ ಒಂದು ಅಂಕದ ಪ್ರಶ್ನೆಯಲ್ಲ. ಇಂಗ್ಲಿಷಿನ ‘ನಾಟ್’ ಇಲ್ಲಿ ಹಿಂದಿನ ‘ಮಸ್ಟ್’ಗೆ ಅಂಟಿಲ್ಲ, ಮುಂದಿನ ‘ಟೇಕ್’ಗೆ ಅಂಟಿದೆ: ಕುಡಿಯದೆ ಇರಬೇಕು. ಅಂದರೆ ಕುಡಿಯಬಾರದು, ಕುಡಿಯಕೂಡದು. ‘ಬೇಕಾಗಿಲ್ಲ’ಕ್ಕೆ ‘ನೀಡ್ ನಾಟ್’, ‘ಡೋಂಟ್ ಹ್ಯಾವ್ ಟು’. ಬೇಡ, ಬಾರದು, ಕೂಡದು, ಬೇಕಿಲ್ಲ ಎಂದು ನಿರಾಕರಣೆಗೇ ನಾಲ್ಕು ಮೆಟ್ಟಿಲಿರುವ ಭಾಷೆಯ ಮಕ್ಕಳಿಗೆ ಈ ಎರಡರ ನಡುವಿನ ವ್ಯತ್ಯಾಸ ಹೊಳೆಯದೆ? ತೋರಿಸಬೇಕಷ್ಟೆ.

‘ಬೇಕಾಯಿತು’, ‘ಬೇಕಿತ್ತು’ ಇನ್ನೊಂದು ಜೋಡಿ. ಆಸ್ಪತ್ರೆಗೆ ಹೋಗಬೇಕಾಯಿತು ಎಂದರೆ ಹೋದೆ. ಹೋಗಬೇಕಿತ್ತು ಎಂದರೆ ಹೋಗಲಿಲ್ಲ, ಈಗ ಕೈ ಹಿಸುಕಿಕೊಳ್ಳುತ್ತಿದ್ದೇನೆ. ಮೊದಲನೆಯದು ‘ಹ್ಯಾಡ್ ಟು ಗೋ’, ಎರಡನೆಯದು ‘ಶುಡ್ ಹ್ಯಾವ್ ಗಾನ್’. ರಜೆ ಚೀಟಿಯಲ್ಲಿ ಮಕ್ಕಳು ‘ಐ ಶುಡ್ ಗೋ ಟು ಹಾಸ್ಪಿಟಲ್ ಯೆಸ್ಟರ್‌ಡೇ’ ಎಂದು ಬರೆದಾಗ ಕನ್ನಡದಲ್ಲಿ ಎರಡರಲ್ಲಿ ಯಾವುದಪ್ಪಾ ಎಂದು ಕೇಳಿ ನೋಡಿ.

ಕನ್ನಡ ಎಲ್ಲ ಕಡೆ ನೆರವಿಗೆ ಬರುತ್ತದೆ ಎಂದರೆ ಸುಳ್ಳಾಗುತ್ತದೆ. ‘ಹೋಗಲಿಲ್ಲ’ ಕಾಪಾಡಿದ ಹುಡುಗಿಯನ್ನು ‘ಹೋದೆಯಾ?’ ಕೈಬಿಡುತ್ತದೆ, ಪ್ರಶ್ನೆಯಲ್ಲಿ ನಮ್ಮ ಕ್ರಿಯಾಪದ ಭೂತಕಾಲದ ಅಂಗಿ ಕಳಚುವುದಿಲ್ಲ. ‘ಡಿಡ್ ಯು ವೆಂಟ್’ ಹುಟ್ಟುವುದು ಅಲ್ಲಿ. ‘ಬರುತ್ತೇನೆ ಎಂದ’ ಎಂಬಲ್ಲಿ ನಾವು ಅವನ ಮಾತನ್ನು ಗಿಣಿಯಂತೆ ಹಾಗೇ ಒಪ್ಪಿಸುತ್ತೇವೆ, ಇಂಗ್ಲಿಷ್ ಅದನ್ನು ಸಾಮಾನ್ಯವಾಗಿ ‘ವುಡ್’ ಆಗಿ ಹಿಂದಕ್ಕೆ ತಳ್ಳುತ್ತದೆ. ಇಂಥಲ್ಲಿ ಅಭ್ಯಾಸವೇ ಗತಿ. ರೆನ್ ಮತ್ತು ಮಾರ್ಟಿನ್ನರ ಹಳೆಯ ಇಂಗ್ಲಿಷ್ ವ್ಯಾಕರಣದ ಪುಸ್ತಕ ತೆಗೆದರೆ ಅಭ್ಯಾಸಕ್ಕೆ ಬರವಿಲ್ಲ. ಅಂದಹಾಗೆ ಆ ರೆನ್ ಮಹಾಶಯ ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿದ್ದವನು, ಮರುಭೂಮಿಯ ಸಿಪಾಯಿಗಳ ಸಾಹಸದ ‘ಬೋ ಜೆಸ್ಟ್’ ಎಂಬ ಕಾದಂಬರಿ ಬರೆದು 1924ರಲ್ಲಿ ಹೆಸರು ಮಾಡಿದ. ವ್ಯಾಕರಣದ ಪುಸ್ತಕದಲ್ಲಿ ಅದರ ಸುಳಿವು ಎಲ್ಲೂ ಸಿಗದು.

ಮುಗಿಸುವ ಮೊದಲು ನಿಮ್ಮ ಸಹಾಯ ಬೇಕಿತ್ತು. ಅದೇ ಒಂಬತ್ತನೇ ತರಗತಿಯ ಹುಡುಗಿ ನಿನ್ನೆ ಚೀಲ ಹೆಗಲಿಗೇರಿಸಿಕೊಂಡು ಹೊರಟವಳು ಮೆಟ್ಟಿಲ ಮೇಲೆ ನಿಂತಳು. “ಸರ್, ಬಾಗಿಲು ಬಡಿದ್ರೆ ಅಮ್ಮ ಅಡುಗೆಮನೆಯಿಂದ ‘ಬಂದೆ, ಇರಿ’ ಅಂತ ಕೂಗ್ತಾಳೆ. ಅವಳಿನ್ನೂ ಒಲೆ ಹತ್ರಾನೇ ಇರ್ತಾಳೆ. ಅದು ಪಾಸ್ಟ್ ಟೆನ್ಸಾ?”

ನಾಳೆ ಹೇಳ್ತೀನಿ ಅಂದೆ. ಆ ನಾಳೆ ಇವತ್ತು, ಇನ್ನು ಅರ್ಧ ಗಂಟೆಯಲ್ಲಿ ಅವಳು ಬರುತ್ತಾಳೆ. ನಿಮ್ಮಲ್ಲಿ ಯಾರಿಗಾದರೂ ಹೊಳೆದರೆ ದಯವಿಟ್ಟು ಬರೆಯಿರಿ.

ನಿಮ್ಮ,
ಜಗಲಿಯ ಮೇಲಿನ ಇಂಗ್ಲಿಷ್ ಮೇಷ್ಟ್ರು